ಕುಡಿಯದವನು ದ್ರಾಕ್ಷಿಯ ಊರಿಗೆ ಹೋದರೆ: ಗೆಳೆಯನಿಗೊಂದು ಪತ್ರ

ಉಡುಪಿ

ಪ್ರಿಯ ಗೆಳೆಯ,

"ಒಂದು ತೊಟ್ಟೂ ಕುಡಿಯದವ ವೈನಿನ ಊರಿಗೆ ಹೋಗಿ ಮಾಡಿದ್ದೆಂತ ಮಾರಾಯ?" ಎಂದು ನೀನು ಕೇಳಿದಾಗ ಫೋನಿನಲ್ಲಿ ನಕ್ಕು ಸುಮ್ಮನಾಗಿದ್ದೆ. ಆದರೆ ಮುಂದಿನ ವರ್ಷ ಮಗಳನ್ನು ನೋಡಲು ಪ್ಯಾರಿಸ್ಸಿಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಆ ಕಡೆಗೆ ಹೋಗಿಬರುವ ಆಲೋಚನೆ ನಿನಗಿದೆ ಎಂದು ತಿಳಿದ ಮೇಲೆ, ವಿವರವಾಗಿ ಬರೆಯುವುದೇ ಸರಿ ಎನಿಸಿತು. ಮೊದಲೇ ಹೇಳಿಬಿಡುತ್ತೇನೆ: ಫ್ರಾನ್ಸಿನ ಸೇಂತ್ ಎಮಿಲಿಯೋಂ ಕುಡಿಯುವವರಿಗಿಂತ ತೋಟ ಇರುವವರಿಗೆ ಹೆಚ್ಚು ದಕ್ಕುವ ಊರು. ಪುತ್ತೂರಿನ ಅಡಿಕೆ ತೋಟವನ್ನು ಬಿಟ್ಟು ಮಂಗಳೂರಿನಲ್ಲಿದ್ದರೂ ಆಷಾಢದ ಮಳೆ ಜೋರಾದಾಗಲೆಲ್ಲ ನಿದ್ದೆಗೆಡುವ ನಿನಗೆ, ಅಲ್ಲಿಯ ರೈತರ ಚಿಂತೆಗಳು ಅವರ ಭಾಷೆ ಬಾರದಿದ್ದರೂ ತಿಳಿದಾವು.

ಪ್ಯಾರಿಸ್ಸಿನಿಂದ ಬೋರ್ಡೊ ನಗರಕ್ಕೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಈ ಊರಿಗೆ ಪ್ರಾದೇಶಿಕ ರೈಲು ಮುಕ್ಕಾಲು ಗಂಟೆಯೊಳಗೆ ತಲುಪಿಸುತ್ತದೆ. ನಿಲ್ದಾಣವಿರುವುದು ಮಾತ್ರ ಊರ ಹೊರಗೆ. ಇಳಿದವರನ್ನು ಕರೆದೊಯ್ಯಲು ರಿಕ್ಷಾ ಕಾದಿರುವುದಿಲ್ಲ. ಎರಡೂ ಬದಿ ದ್ರಾಕ್ಷಿಸಾಲುಗಳ ನಡುವೆ ಇಪ್ಪತ್ತು ನಿಮಿಷ ನಡೆಯಬೇಕು. ನನ್ನ ದೃಷ್ಟಿಯಲ್ಲಿ ಆ ನಡಿಗೆಯೇ ಊರಿನ ಸರಿಯಾದ ಪ್ರವೇಶದ್ವಾರ, ಏಕೆಂದರೆ ಕಾರಿನಲ್ಲಿ ನೇರವಾಗಿ ಮೇಲಿನ ಬೀದಿಗೆ ಬಂದಿಳಿಯುವವರಿಗೆ ಮೊದಲು ಕಾಣುವುದು ವೈನ್ ಅಂಗಡಿಗಳ ಸಾಲು. ಆ ಅಂಗಡಿಗಳ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಎರಡು ಸಾವಿರಕ್ಕೂ ಕಡಿಮೆ ಜನ ವಾಸಿಸುವ ಊರಿಗೆ ಅಷ್ಟೊಂದು ಬಾಟಲಿಯಂಗಡಿಗಳು ಏಕೆ ಬೇಕೋ, ಮಧ್ಯಾಹ್ನ ಬಸ್ಸುಗಳಿಂದಿಳಿಯುವ ಪ್ರವಾಸಿಗರನ್ನು ನೋಡಿದರೆ ತಿಳಿಯುತ್ತದೆ. ಸಂಜೆಗೆ ಅವರೆಲ್ಲ ಹೊರಟುಹೋಗುತ್ತಾರೆ. ಆದ್ದರಿಂದ ಒಂದು ರಾತ್ರಿಯಾದರೂ ಅಲ್ಲಿಯೇ ತಂಗಬೇಕು. ಅಗ್ಗವಲ್ಲ, ಆದರೆ ಬೆಳಗಿನ ಎಂಟು ಗಂಟೆಯ ಆ ಊರು ನಡುಹಗಲಿನ ಊರಿನಂತಿರುವುದಿಲ್ಲ.

ಊರಿಗೆ ಹೆಸರು ಬಂದದ್ದು ಎಮಿಲಿಯೋಂ ಎಂಬ ಸನ್ಯಾಸಿಯಿಂದ. ಎಂಟನೆಯ ಶತಮಾನದಲ್ಲಿ ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದ ವಾನ್ ಎಂಬಲ್ಲಿಂದ ಬಂದು ಇಲ್ಲಿಯ ಸುಣ್ಣಕಲ್ಲಿನ ಗುಹೆಯೊಂದರಲ್ಲಿ ನೆಲೆಸಿದನಂತೆ. ದೊರೆಯ ಮನೆಯ ಚಾಕರಿಯಲ್ಲಿದ್ದಾಗ ಬಡವರಿಗೆಂದು ಬ್ರೆಡ್ಡನ್ನು ನಿಲುವಂಗಿಯೊಳಗೆ ಬಚ್ಚಿಟ್ಟು ಒಯ್ಯುತ್ತಿದ್ದ ಅವನನ್ನು ತಡೆದು ಶೋಧಿಸಿದರೆ ಸಿಕ್ಕಿದ್ದು ಬರೀ ಕಟ್ಟಿಗೆ ಎಂಬ ಕಥೆಯನ್ನು ಮಾರ್ಗದರ್ಶಕಿ ಹೇಳಿದರು. ಅಮ್ಮನಿಗೆ ಈ ಕಥೆ ಖಂಡಿತ ಹಿಡಿಸುತ್ತದೆ. ಅವನ ನೆನಪಿಗೆ ಹನ್ನೆರಡನೆಯ ಶತಮಾನದಲ್ಲಿ ಇಗರ್ಜಿ ಮಾಡಿದವರು ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಲಿಲ್ಲ. ಇದ್ದ ಬಂಡೆಯನ್ನೇ ಒಳಗಿನಿಂದ ಕೊರೆದು ತೆಗೆದರು. 38 ಮೀಟರ್ ಉದ್ದ, 12 ಮೀಟರ್ ಎತ್ತರದ ಆ ಗರ್ಭದೊಳಗೆ ನಿಂತಾಗ, ನೆತ್ತಿಯ ಮೇಲೆ ಇಡೀ ಗಂಟೆಗೋಪುರದ ಭಾರವಿದೆ ಎಂಬುದು ತಟ್ಟನೆ ಹೊಳೆಯುತ್ತದೆ. ನೀರಿಳಿದು ಕಲ್ಲು ಸಡಿಲವಾದ ಕಂಬಗಳಿಗೆ ಈಗ ಉಕ್ಕಿನ ಆಸರೆ ಕೊಟ್ಟಿದ್ದಾರೆ. ನೋಡಲು ಚೆಂದವಿಲ್ಲ, ಆದರೆ ಮುಚ್ಚಿಡದೆ ಹಾಗೆಯೇ ಕಾಣುವಂತೆ ಬಿಟ್ಟಿರುವುದು ನನಗೆ ಹಿಡಿಸಿತು. ಒಳಗೆ ಹೋಗಲು ಮಾರ್ಗದರ್ಶಕರ ಜೊತೆಗೇ ಹೋಗಬೇಕು; ಸಮಯವನ್ನು ಮೊದಲೇ ಕಾಯ್ದಿರಿಸು.

ಇಗರ್ಜಿ ಮಾತ್ರವಲ್ಲ, ಊರಿನ ಅಡಿಯೆಲ್ಲ ಪೊಳ್ಳು. ಶತಮಾನಗಳ ಕಾಲ ಇಲ್ಲಿಂದ ಕಡಿದು ಸಾಗಿಸಿದ ಸುಣ್ಣಕಲ್ಲಿನಿಂದಲೇ ಬೋರ್ಡೊ ನಗರದ ಎಷ್ಟೋ ಮನೆಗಳು ಎದ್ದವು. ಕಲ್ಲು ಹೋದ ಜಾಗದಲ್ಲಿ ಉಳಿದ ಸುರಂಗಗಳು ಬೇಸಿಗೆ ಚಳಿಗಾಲವೆನ್ನದೆ ಒಂದೇ ತಂಪಿನಲ್ಲಿರುವುದರಿಂದ ಅವನ್ನೇ ವೈನಿನ ನೆಲಮಾಳಿಗೆಗಳಾಗಿ ಬಳಸುತ್ತಾರೆ. 225 ಲೀಟರಿನ ಓಕ್ ಪೀಪಾಯಿಗಳು ಸಾಲಾಗಿ ಮಲಗಿದ್ದ ಅಂಥದೊಂದು ಮಾಳಿಗೆಯಲ್ಲಿ ನಾನು ಪೀಪಾಯಿಗಳಿಗಿಂತ ಹೆಚ್ಚು ಹೊತ್ತು ನೋಡಿದ್ದು ಛಾವಣಿಯನ್ನು. ಮೇಲಿನ ತೋಟದ ಬಳ್ಳಿಯೊಂದರ ಬೇರು, ಜನಿವಾರದ ಎಳೆಯಷ್ಟು ಸಣ್ಣದು, ಕಲ್ಲಿನ ಬಿರುಕಿನಿಂದ ಹೊರಬಂದು ತುದಿಯಲ್ಲಿ ಕಂದು ಬಣ್ಣಕ್ಕೆ ತಿರುಗಿ ನಿಂತಿತ್ತು. ಈ ತೋಟಗಳಿಗೆ ನೀರಾವರಿ ಸಾಮಾನ್ಯವಾಗಿ ನಿಷಿದ್ಧ. ಮಳೆ ಬಂದಾಗ ಕಲ್ಲು ಹೀರಿಕೊಂಡ ತೇವವನ್ನು ಬೇಸಿಗೆಯಲ್ಲಿ ಬೇರೇ ಹುಡುಕಿಕೊಂಡು ಹೋಗಬೇಕು. ಸ್ಪ್ರಿಂಕ್ಲರ್ ಕೆಟ್ಟು ನಿಂತರೆ ಮೂರನೆಯ ದಿನಕ್ಕೆ ಕಂಗಾಲಾಗುವ ನಮಗೆ ಇದನ್ನು ನಂಬುವುದೇ ಕಷ್ಟ.

ಇನ್ನು ತೋಟಕ್ಕೆ ಬರುತ್ತೇನೆ. ನಿನಗಾಗಿ ಎಂದೇ ಎತ್ತಿಟ್ಟುಕೊಂಡ ವಿಷಯ ಇಲ್ಲಿದೆ. ಸೆಪ್ಟೆಂಬರಿನ ಕೊಯಿಲಿನ ಹೊತ್ತು. ಸಾಲಿನ ಕೊನೆಯಲ್ಲಿ ಬಗ್ಗಿ ನೋಡಿದರೆ ಮೆರ್ಲೋ ಎಂಬ ತಳಿಯ ಬಳ್ಳಿಯ ತುದಿಯೆಲೆಗಳ ಮೇಲೆ, ಊರೆಗೂಟದ ಮೇಲೆ, ತಂತಿಯ ಗಂಟಿನ ಮೇಲೆ ತಿಳಿನೀಲಿ ಕಲೆ. ಅದನ್ನು ಗುರುತಿಸಲು ನಮಗೆ ಯಾವ ಮಾರ್ಗದರ್ಶಕರೂ ಬೇಡ. ಮದ್ದು ಬಿಟ್ಟ ದಿನ ನಮ್ಮ ಅಡಿಕೆಮರದ ಬುಡಕ್ಕೆ, ಆಳುಗಳ ಅಂಗಿಗೆ, ಅಂಗಳದ ಡ್ರಮ್ಮಿಗೆ ಹಿಡಿಯುವುದೂ ಇದೇ ನೀಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ನಾವು ಬಾಯಿಪಾಠ ಕಲಿತ ಬೋರ್ಡೊ ದ್ರಾವಣದ ತವರು ಇದೇ ಸೀಮೆ. 1878ರ ಸುಮಾರಿಗೆ ಅಮೆರಿಕದಿಂದ ಬಂದ ಬೂಜುರೋಗವೊಂದು ಫ್ರಾನ್ಸಿನ ದ್ರಾಕ್ಷಿಯೆಲೆಗಳನ್ನು ಉದುರಿಸತೊಡಗಿತ್ತು. ಇಲ್ಲಿಂದ ಬಹಳ ದೂರವಲ್ಲದ ಮೆಡೋಕಿನಲ್ಲಿ, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಸಾಲುಗಳಿಗೆ ಮಾತ್ರ ರೈತರು ತುತ್ತು-ಸುಣ್ಣದ ನೀರು ಎರಚುತ್ತಿದ್ದರು. ಆ ಸಾಲುಗಳಲ್ಲಿ ಎಲೆ ಉದುರದೆ ಉಳಿದದ್ದನ್ನು 1882ರಲ್ಲಿ ಗಮನಿಸಿದವರು ಬೋರ್ಡೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಯಾರ್ದೆ. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರಿಗೆ ಹೂಡಿದ ಉಪಾಯ ರೋಗಕ್ಕೆ ಮದ್ದಾಯಿತು. ಅದಾಗಿ ಕಾಲು ಶತಮಾನದೊಳಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಇದೇ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಲು ಕಲಿಸಿದರು. ದ್ರಾಕ್ಷಿಯ ಬೂಜುರೋಗದ ಜೀವಿಯೂ ನಮ್ಮ ಕೊಳೆರೋಗದ ಜೀವಿಯೂ ಒಂದೇ ಬಳಗದವು. ಎರಡಕ್ಕೂ ಬೇಕಾದದ್ದು ಬಿಡದೆ ಸುರಿಯುವ ಮಳೆ ಮತ್ತು ಒಣಗದ ತೇವ.

ಅಲ್ಲಿಯವರು ಈಗ ಅದೇ ತಾಮ್ರದ ಬಗ್ಗೆ ಆತಂಕದಿಂದಿದ್ದಾರೆ. ನೂರಕ್ಕೂ ಹೆಚ್ಚು ವರ್ಷ ಸಿಂಪಡಿಸಿದ ತಾಮ್ರ ಮಣ್ಣಿನಲ್ಲಿ ಕರಗಿ ಹೋಗದೆ ಮೇಲ್ಪದರದಲ್ಲೇ ಕೂತಿದೆ, ಎರೆಹುಳಕ್ಕೆ ಅದು ಒಳ್ಳೆಯದಲ್ಲ. ಯುರೋಪಿನ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರ ಎಂಬ ಮಿತಿ ಹಾಕಿದೆ. ಸಾವಯವ ಬೆಳೆಗಾರರಿಗೂ ಇದೇ ಮಿತಿ, ಮತ್ತು ಅವರಿಗೆ ತಾಮ್ರ ಬಿಟ್ಟರೆ ಬೇರೆ ಬಲವಾದ ಮದ್ದಿಲ್ಲ. ನಮ್ಮಲ್ಲಿ ಈ ಲೆಕ್ಕ ಇಡುವವರು ಯಾರು? ನಿನ್ನ ತೋಟದ ಮಣ್ಣನ್ನು ಪರೀಕ್ಷೆಗೆ ಕೊಡುವಾಗ ಸಾರಜನಕ, ಪೊಟ್ಯಾಷ್ ಜೊತೆಗೆ ತಾಮ್ರವನ್ನೂ ನೋಡಿಸು ಎಂದು ನಾನು ಹೇಳುವುದು ಇದಕ್ಕೇ.

ವೈನ್ ರುಚಿ ನೋಡುವ ಶಾಸ್ತ್ರವನ್ನೂ ತಪ್ಪಿಸಬೇಡ. ಬಾಯಲ್ಲಿಟ್ಟು ಉಗುಳುವುದು ಅಲ್ಲಿ ಅಸಭ್ಯವಲ್ಲ; ಮೇಜಿನ ಪಕ್ಕದಲ್ಲೇ ಪಾತ್ರೆ ಇರುತ್ತದೆ, ವೃತ್ತಿಯವರೆಲ್ಲ ಹಾಗೆಯೇ ಮಾಡುತ್ತಾರೆ. ಮೂಸಿ ನೋಡಿ ಲೋಟವನ್ನು ಕೆಳಗಿಟ್ಟರೂ ಯಾರೂ ಕೆಣಕಲಿಲ್ಲ. ಇಲ್ಲಿಯ ವೈನುಗಳಿಗೆ 1955ರಿಂದ ದರ್ಜೆ ಕೊಡುವ ಪದ್ಧತಿಯಿದೆ, ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ. ದರ್ಜೆ ತಪ್ಪಿದವರು ನ್ಯಾಯಾಲಯಕ್ಕೆ ಹೋಗಿ 2006ರ ಪಟ್ಟಿಯೇ ರದ್ದಾಯಿತು. 2022ರ ಪಟ್ಟಿಗೆ ಮೊದಲು ಅತಿ ಮೇಲಿನ ದರ್ಜೆಯಲ್ಲಿದ್ದ ಓಜೋನ್, ಶ್ವಾಲ್ ಬ್ಲಾಂ, ಆಂಜೆಲೂಸ್ ಎಂಬ ಮೂರು ಎಸ್ಟೇಟುಗಳು ತಾವಾಗಿಯೇ ಹೊರನಡೆದವು. ಕೆಂಪು ನಿಲುವಂಗಿ ತೊಟ್ಟು ಗೋಪುರದ ಮೇಲಿನಿಂದ ಕೊಯಿಲು ಸಾರುವ ಜ್ಯುರಾಡ್ ಎಂಬ ಸಂಘವೂ ಇದೆ. 1199ರ ರಾಜಶಾಸನದಿಂದ ಹುಟ್ಟಿ, ಫ್ರೆಂಚ್ ಕ್ರಾಂತಿಯಲ್ಲಿ ಅಳಿದು, 1948ರಲ್ಲಿ ಮತ್ತೆ ಕಟ್ಟಿದ್ದು. ಪ್ರವಾಸಿಗರಿಗೆ ಇದು ಬಲು ಇಷ್ಟ. ನನಗೆ ತುಸು ನಾಟಕದಂತೆ ಕಂಡಿತು.

ಇಷ್ಟೆಲ್ಲ ವೈಭವದ ಹಿಂದೆ ಸುತ್ತಲ ಸೀಮೆ ಸುಖವಾಗಿಲ್ಲ ಎಂಬುದನ್ನೂ ತಿಳಿದಿರು. ಬೋರ್ಡೊ ವೈನಿಗೆ ಬೇಡಿಕೆ ಕುಸಿದು, ದರ್ಜೆ ಹೆಸರುಗಳಿಲ್ಲದ ಸಣ್ಣ ಬೆಳೆಗಾರರಿಗೆ ಉತ್ಪಾದನೆಯ ಖರ್ಚೂ ಹುಟ್ಟದಂತಾದಾಗ, 2023ರಲ್ಲಿ ಹೆಕ್ಟೇರಿಗೆ 6,000 ಯೂರೋ ಪರಿಹಾರ ಕೊಟ್ಟು ಸುಮಾರು 9,500 ಹೆಕ್ಟೇರ್ ಬಳ್ಳಿ ಕೀಳಿಸುವ ಯೋಜನೆಯನ್ನು ಬೋರ್ಡೊ ಇರುವ ಜಿಲ್ಲೆಗೆಂದೇ ಘೋಷಿಸಿದರು. ಯುನೆಸ್ಕೊ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಊರಿನ ಸಾಲುಗಳು ಬಾಚಿಟ್ಟಂತಿವೆ. ರೈಲಿನ ಕಿಟಕಿಯಿಂದ ಬೇರೆಡೆ ಕಂಡ ಖಾಲಿ ಹೊಲಗಳ ಕಥೆ ಬೇರೆ. ಎಲೆಚುಕ್ಕಿ, ಹಳದಿರೋಗ ಎಂದು ನಾವು ಸಭೆ ಸೇರಿ ಮಾತಾಡುವಾಗಲೆಲ್ಲ ಒಂದೇ ಬೆಳೆಯನ್ನು ನಂಬಿದವರ ಗತಿಯ ಪ್ರಶ್ನೆ ಏಳುತ್ತದಲ್ಲ, ಅಲ್ಲಿಯೂ ಅದೇ ಮಾತು.

ಅಮ್ಮನ ವಿಷಯ. ಊರಿನ ಮೇಲ್ಭಾಗದಿಂದ ಚೌಕಕ್ಕೆ ಇಳಿಯುವ ಓಣಿಗಳು ಬಹಳ ಕಡಿದು, ಹಾಸಿದ ಉರುಟು ಕಲ್ಲುಗಳು ಸವೆದು ನುಣುಪಾಗಿವೆ. ನಡುವೆ ಹಿಡಿದುಕೊಳ್ಳಲು ಕಂಬಿಯಿದ್ದರೂ ಮಳೆ ಬಂದರೆ ಮಂಡಿನೋವಿನವರಿಗೆ ಆಗುವಂಥದಲ್ಲ. ಅವರನ್ನು ಟ್ಯಾಕ್ಸಿಯಲ್ಲಿ ಮೇಲಿನ ಬೀದಿಗೆ ಕರೆದೊಯ್ದು ಅಲ್ಲಿಯೇ ನೆರಳಲ್ಲಿ ಕೂರಿಸಿ, ನೀವಿಬ್ಬರು ಸರದಿಯಂತೆ ಕೆಳಗಿಳಿದು ಬನ್ನಿ. 1620ರಿಂದ ಅರ್ಸುಲೈನ್ ಕನ್ಯಾಸ್ತ್ರೀಯರ ಹೆಸರಿನಲ್ಲಿ ಬಂದಿರುವ ಮಕರೋನು ಎಂಬ ಬಾದಾಮಿಯ ಸಿಹಿ ಬಿಸ್ಕತ್ತು ಕಾಗದಕ್ಕೆ ಅಂಟಿಕೊಂಡೇ ಸಿಗುತ್ತದೆ, ಮೇಲೆ ಬಿರುಕು, ಒಳಗೆ ಮೆತ್ತಗೆ, ಬಹಳ ಚೆನ್ನಾಗಿದೆ. ಆದರೆ ಅದರಲ್ಲಿ ಮೊಟ್ಟೆಯ ಬಿಳಿಭಾಗ ಇರುವುದರಿಂದ ಅಮ್ಮನಿಗೆ ತಿಳಿಸದೆ ಕೊಡಬೇಡ. ಸಂಜೆಯ ರೈಲುಗಳು ವಿರಳ, ಭಾನುವಾರ ಇನ್ನೂ ಕಡಿಮೆ. ಹಿಂದಿರುಗುವ ಸಮಯವನ್ನು ಬೋರ್ಡೊ ಬಿಡುವ ಮೊದಲೇ ನೋಡಿಕೊಳ್ಳಬೇಕು. ಹೋಗುವ ತಿಂಗಳು ನಿಶ್ಚಯವಾದ ಕೂಡಲೆ ತಿಳಿಸು. ಸೆಪ್ಟೆಂಬರ್ ಆದರೆ ಕೊಯಿಲು ಸಿಗುತ್ತದೆ, ಆದರೆ ಆಗ ನಿನಗೆ ಇಲ್ಲಿ ಮದ್ದು ಬಿಡುವವರು ಸಿಗಬೇಕಲ್ಲ, ಅದನ್ನು ಮೊದಲು ಗಟ್ಟಿ ಮಾಡಿಕೊ.

ಇಂತಿ,
ನಿನ್ನ ಗೆಳೆಯ