ಕೆಟ್ಟಿದ್ದು ಸೆನ್ಸರ್, ಬದಲಾಯಿಸಿದ್ದು ಪಂಪ್: ಸರ್ವಿಸ್ ಸೆಂಟರ್‌ಗೆ ದೂರು ಪತ್ರ

ಇವರಿಗೆ,
ಸರ್ವಿಸ್ ಮ್ಯಾನೇಜರ್,
ವಾಹನ ಸರ್ವಿಸ್ ಸೆಂಟರ್, ಕೋಲಾರ

ವಿಷಯ: 2012ರ ಮಾಡೆಲ್‌ನ ನನ್ನ ಪಿಕಪ್‌ಗೆ ಬೇಡದ ಹೈ ಪ್ರೆಶರ್ ಪಂಪ್ ಹಾಕಿ ಬಿಲ್ ಮಾಡಿರುವುದು, ಆ ಹಣ ಮತ್ತು ಹಳೆಯ ಪಂಪ್ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ನನ್ನ ಗಾಡಿ ಈಗ ಸರಿಯಾಗಿ ಓಡುತ್ತಿದೆ. ಅದನ್ನು ಸರಿ ಮಾಡಿದ್ದು 1,450 ರೂಪಾಯಿಯ ಒಂದು ಕ್ರ್ಯಾಂಕ್ ಸೆನ್ಸರ್. ಆದರೆ ಆ ಸೆನ್ಸರ್‌ಗೆ ಕೈ ಹಾಕುವ ಮೊದಲೇ ನೀವು ಡೀಸೆಲ್ ಹೈ ಪ್ರೆಶರ್ ಪಂಪ್ ಬದಲಾಯಿಸಿ, ಕೂಲಿ ಸೇರಿ 27,600 ರೂಪಾಯಿ ತೆಗೆದುಕೊಂಡಿದ್ದೀರಿ. ಪಂಪ್ ಕೆಟ್ಟಿತ್ತು ಅನ್ನುವುದಕ್ಕೆ ಇವತ್ತಿನವರೆಗೂ ಒಂದು ಆಧಾರ ತೋರಿಸಿಲ್ಲ. ನನ್ನ ದೂರು ಇದೇ.

ಗಾಡಿ ಬಿಟ್ಟಾಗ ತೊಂದರೆ ಏನು ಅಂತ ನಾನು ವಿವರವಾಗಿ ಹೇಳಿ ಜಾಬ್ ಕಾರ್ಡ್‌ನಲ್ಲಿ ಬರೆಸಿದ್ದೇನೆ. ದಯವಿಟ್ಟು ತೆಗೆದು ನೋಡಿ. ಇಂಜಿನ್ ತಣ್ಣಗಿದ್ದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಚೆನ್ನಾಗಿ ಕಾದ ಮೇಲೆ ಓಡುತ್ತಿರುವಾಗಲೇ ಪಟ್ಟಂತ ಆಫ್ ಆಗುತ್ತದೆ. ಹೊಗೆ ಇಲ್ಲ, ಎಳೆತ ಕಡಿಮೆಯಾಗುವುದೂ ಇಲ್ಲ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ತಿರುಗುತ್ತದೆಯೇ ಹೊರತು ಹಿಡಿಯುವುದಿಲ್ಲ. ಆಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಅಲುಗುವುದೇ ಇಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಸ್ಟಾರ್ಟ್.

ಇದನ್ನು ಕೇಳಿದ ತಕ್ಷಣ ಮೊದಲು ನೋಡಬೇಕಾದದ್ದು ಕ್ರ್ಯಾಂಕ್ ಸೆನ್ಸರ್ ಅಲ್ವಾ? ಫ್ಲೈವೀಲ್ ಪಕ್ಕದಲ್ಲಿ ಕೂತು ಅದು ಹಲ್ಲುಗಳನ್ನು ಎಣಿಸುತ್ತಿರುತ್ತದೆ. ಇಂಜಿನ್ ಎಷ್ಟು ವೇಗದಲ್ಲಿದೆ, ಪಿಸ್ಟನ್ ಎಲ್ಲಿದೆ ಅಂತ ಇಸಿಎಂಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್‌ಗೆ, ಗೊತ್ತಾಗುವುದೇ ಅದರಿಂದ. ಆ ಸಿಗ್ನಲ್ ನಿಂತರೆ ಇಸಿಎಂ ಡೀಸೆಲ್ ಬಿಡುವುದನ್ನು ನಿಲ್ಲಿಸುತ್ತದೆ. ವರ್ಷಗಟ್ಟಲೆ ಇಂಜಿನ್ ಬಿಸಿಯಲ್ಲಿ ಬೆಂದ ಸೆನ್ಸರ್‌ನ ಒಳಗಿನ ತಂತಿ ಸುರುಳಿ ಕಾದಾಗ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಹಳೆಯ ಗಾಡಿಗಳಲ್ಲಿ ಇದು ಅಪರೂಪವೇನಲ್ಲ.

ಪಂಪ್ ಮೇಲೆ ಅನುಮಾನ ಬಂದಿದ್ದರೂ ತಪ್ಪಿಲ್ಲ. ಆದರೆ ಅನುಮಾನವನ್ನು ಪರೀಕ್ಷೆ ಮಾಡಬೇಕಿತ್ತು. ಕಾಮನ್ ರೈಲ್ ಇಂಜಿನ್‌ನಲ್ಲಿ ರೈಲ್ ಪ್ರೆಶರ್, ಅಂದರೆ ಪಂಪ್ ತಳ್ಳಿದ ಡೀಸೆಲ್ ಇಂಜೆಕ್ಟರ್‌ಗಳಿಗೆ ಹೋಗುವ ಪೈಪ್‌ನಲ್ಲಿನ ಒತ್ತಡ, ಎಷ್ಟಿದೆ ಅಂತ ಸ್ಕ್ಯಾನರ್‌ನಲ್ಲೇ ಕಾಣುತ್ತದೆ. ಪಂಪ್ ಬಿಚ್ಚುವ ಮೊದಲು ಆ ರೀಡಿಂಗ್ ತೆಗೆದಿರಾ? ತೆಗೆದಿದ್ದರೆ ಅದು ಬಿಲ್ ಜೊತೆಗೆ ಯಾಕಿಲ್ಲ? ಗಾಡಿಗೆ ಸ್ಕ್ಯಾನರ್ ಹಾಕಿದ್ದನ್ನು ನಾನು ಕಣ್ಣಾರೆ ಕಂಡದ್ದು ಎರಡನೇ ಸಲ ತಂದಾಗ ಮಾತ್ರ.

ಎರಡನೇ ಸಲ ಯಾಕೆ ತರಬೇಕಾಯಿತು? ಹೊಸ ಪಂಪ್ ಹಾಕಿಸಿಕೊಂಡು ಹೋಗಿ ಮುಳಬಾಗಿಲಿನಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಲೋಡ್ ತರುವಾಗ ಗಾಡಿ ಕೋಲಾರದ ಹತ್ತಿರದ ಟಮಕ ತಲುಪುವ ಮೊದಲೇ ಹೆದ್ದಾರಿಯಲ್ಲಿ ಆಫ್ ಆಯಿತು. ಇಂಜಿನ್ ನಿಂತರೆ ಪವರ್ ಸ್ಟೀರಿಂಗ್ ಕಲ್ಲಿನಂತಾಗುತ್ತದೆ. ವ್ಯಾಕ್ಯೂಮ್ ಪಂಪ್ ನಿಲ್ಲುವುದರಿಂದ ಒಂದೆರಡು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ಹಿಂದೆ ಲಾರಿಗಳು ಬರುತ್ತಿರುವಾಗ 15 ಕೆಜಿಯ ಬಾಕ್ಸ್‌ಗಳನ್ನು ತುಂಬಿದ ಗಾಡಿಯನ್ನು ಹಾಗೆ ಪಕ್ಕಕ್ಕೆ ತರುವುದು ಎಷ್ಟು ಅಪಾಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದನ್ನು ಪಾರಾಗಿ ಮಂಡಿಗೆ ಹೋಗುವಷ್ಟರಲ್ಲಿ ಬೆಳಗಿನ ಹರಾಜು ಮುಗಿಯುತ್ತಾ ಬಂದಿತ್ತು. ಆ ಮಾಲು ಪಕ್ಕದೂರಿನ ರೈತರದ್ದು. ಅವರು ಗಾಡಿ ನಂಬಿ ಬೆಳಗಿನ ಜಾವದಿಂದ ಕಾದಿದ್ದರು. ಅವರಿಗಾದ ನಷ್ಟವನ್ನು ನಾನು ಈ ಪತ್ರದಲ್ಲಿ ಕೇಳುತ್ತಿಲ್ಲ, ಆದರೆ ನಿಮಗೆ ಅದು ತಿಳಿದಿರಬೇಕು.

ಕೊನೆಗೆ ಸೆನ್ಸರ್ ಹಿಡಿದವನು ನಿಮ್ಮಲ್ಲೇ ಕೆಲಸ ಮಾಡುವ ಹುಡುಗ. ಸ್ಕ್ಯಾನರ್‌ನಲ್ಲಿ ಪಿ0335 ಕೋಡ್ ಬಂತು, ಅಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್‌ನಲ್ಲಿ ದೋಷ. ಅವನು ಅಷ್ಟಕ್ಕೇ ಸೆನ್ಸರ್ ತರಿಸಲಿಲ್ಲ. ವೈರ್ ಕತ್ತರಿಸಿದ್ದರೂ, ಕನೆಕ್ಟರ್ ಸಡಿಲವಾಗಿದ್ದರೂ ಇದೇ ಕೋಡ್ ಬರುತ್ತದೆ ಅಂತ ಹೇಳಿ ಮೊದಲು ವೈರಿಂಗ್ ನೋಡಿದ. ಆಮೇಲೆ ಸೆನ್ಸರ್ ಬಿಚ್ಚಿ ಮಲ್ಟಿಮೀಟರ್ ಹಿಡಿದ. ತಣ್ಣಗಿದ್ದಾಗ ರೀಡಿಂಗ್ ಸರಿಯಾಗಿತ್ತು. ಬಿಸಿ ಗಾಳಿ ಬಿಟ್ಟ ಮೇಲೆ ಸೆನ್ಸರ್ ಒಳಗಿನ ಲೈನ್ ಪೂರ್ತಿ ಕಡಿದು ಹೋಯಿತು. ಸೆನ್ಸರ್‌ನ ಪ್ಲಾಸ್ಟಿಕ್ ಸಹ ಬಿರುಕು ಬಿಟ್ಟಿತ್ತು. ಎಲ್ಲವನ್ನೂ ನನಗೆ ತೋರಿಸಿ, ಹಳೆಯ ಸೆನ್ಸರ್ ನನ್ನ ಕೈಗೇ ಕೊಟ್ಟ. ಕೆಲಸ ಅಂದರೆ ಇದು. ಅವನ ಮೇಲೆ ನನ್ನ ದೂರಿಲ್ಲ, ಅವನಿಗೆ ಈ ಪತ್ರದಿಂದ ತೊಂದರೆ ಆಗಬಾರದು. ಅವನು ಮಾಡಿದ್ದನ್ನೇ ನಿಮ್ಮ ವರ್ಕ್‌ಶಾಪ್ ಮೊದಲ ಸಲವೇ ಮಾಡಿದ್ದರೆ ಪಂಪ್ ಮುಟ್ಟುವ ಅಗತ್ಯವೇ ಇರಲಿಲ್ಲ.

ಹಣದ ಬಗ್ಗೆ ಕೇಳಿದಾಗ ನಿಮ್ಮ ಕೌಂಟರ್‌ನಲ್ಲಿ ಎರಡು ಉತ್ತರ ಸಿಕ್ಕವು. "ಹಳೇ ಗಾಡಿ, ಪಂಪ್ ಇವತ್ತಲ್ಲ ನಾಳೆ ಹೋಗ್ತಿತ್ತು" ಅನ್ನುವುದು ಒಂದು. ನಾಳೆ ಹೋಗಬಹುದಾದ ಸಾಮಾನಿಗೆ ನಾನು ಇವತ್ತು ಯಾಕೆ ದುಡ್ಡು ಕೊಡಬೇಕು? ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವನು ಗಾಡಿಯ ಮಾಲೀಕ. "ಬಾಡಿಗೆ ಗಾಡಿ, ಕಮರ್ಷಿಯಲ್, ನೀವು ಗ್ರಾಹಕರ ಕೋರ್ಟಿಗೆ ಹೋಗೋಕಾಗಲ್ಲ" ಅನ್ನುವುದು ಇನ್ನೊಂದು. ಇದು ನಿಜವಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸುವುದನ್ನು ವಾಣಿಜ್ಯ ಉದ್ದೇಶ ಅಂತ ಲೆಕ್ಕ ಹಾಕುವಂತಿಲ್ಲ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ನನ್ನದು ಒಂದೇ ಗಾಡಿ. ಅದನ್ನು ಓಡಿಸುವವನೂ ನಾನೇ. ಮನೆ ನಡೆಯುವುದು ಅದರಿಂದಲೇ.

ಆದ್ದರಿಂದ ಪಂಪ್ ಮತ್ತು ಅದರ ಕೂಲಿಯ 27,600 ರೂಪಾಯಿ ವಾಪಸ್ ಕೊಡಿ. ಬಿಚ್ಚಿದ ಹಳೆಯ ಪಂಪ್ ನನ್ನ ಸ್ವತ್ತು, ಅದನ್ನೂ ಕೊಡಿ. ಕೇಳಿದಾಗಲೆಲ್ಲ "ಸ್ಕ್ರ್ಯಾಪ್‌ಗೆ ಹೋಯ್ತು" ಅನ್ನುತ್ತಿದ್ದೀರಿ. ಹಾಗಿದ್ದರೆ ಯಾರ ಒಪ್ಪಿಗೆಯಿಂದ ಹೋಯಿತು ಅಂತ ಬರೆದು ಕೊಡಿ. ಪಂಪ್ ಕೆಟ್ಟಿತ್ತು ಅಂತಲೇ ನಿಮ್ಮ ವಾದವಾದರೆ ಅದನ್ನು ಬಿಚ್ಚುವ ಮೊದಲಿನ ಸ್ಕ್ಯಾನ್ ರಿಪೋರ್ಟ್ ಕೊಡಿ, ನಾನು ಬೇರೆ ಕಡೆ ತೋರಿಸಿ ತಿಳಿದುಕೊಳ್ಳುತ್ತೇನೆ. ಹೊಸ ಸೆನ್ಸರ್‌ನ ಪಾರ್ಟ್ ನಂಬರ್ ಮತ್ತು ವಾರಂಟಿಯನ್ನೂ ಬಿಲ್ ಮೇಲೆ ಬರೆದು ಸೀಲ್ ಹಾಕಿ ಕೊಡಿ.

ಈ ಪತ್ರ ತಲುಪಿದ 15 ದಿನಗಳ ಒಳಗೆ ಬರಹದಲ್ಲಿ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಕೊಟ್ಟು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಜಾಬ್ ಕಾರ್ಡ್, ಎರಡೂ ಬಿಲ್‌ಗಳು ಮತ್ತು ಹಳೆಯ ಸೆನ್ಸರ್‌ನ ಫೋಟೋ ಇದರ ಜೊತೆಗಿವೆ.

ಇತಿ,
ಪಿಕಪ್ ಮಾಲೀಕ ಮತ್ತು ಚಾಲಕ,
ಮುಳಬಾಗಿಲು ತಾಲ್ಲೂಕು