ಮಗಳಿಗೊಂದು ಪತ್ರ: ಬಂಡೆಯ ಹತ್ತಿರ ಹೋಗಿ ನೋಡು

ಪ್ರೀತಿಯ ಪುಟ್ಟಿ,

ಶನಿವಾರ ಗೆಳತಿಯರ ಜೊತೆ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ನಗರದ ಗಾರ್ಡನ್ ಆಫ್ ದಿ ಗಾಡ್ಸ್‌ಗೆ, ಆ ಕೆಂಪು ಬಂಡೆಗಳ ಪಾರ್ಕಿಗೆ, ಹೊರಟಿದ್ದೀಯಂತೆ, ಅಪ್ಪ ಹೇಳಿದರು. ನಾನೂ ಅಪ್ಪನೂ ಓಡಾಡಿ ಬಂದಿರುವ ಜಾಗ ಅದು. ನೀನು ಕೇಳದಿದ್ದರೂ ನಾಲ್ಕು ಮಾತು ಹೇಳುತ್ತೇನೆ, ಸಹಿಸಿಕೋ.

ಬೆಳಿಗ್ಗೆ ಬೇಗ ಹೋಗಿ. ಒಳಗೆ ಹೋಗಲು ದುಡ್ಡಿಲ್ಲ, ಹಾಗಾಗಿ ಜನ ಜಾಸ್ತಿ. ಹೊತ್ತೇರಿದ ಮೇಲೆ ಕಾರು ನಿಲ್ಲಿಸಲು ಜಾಗ ಹುಡುಕುವುದೇ ಕೆಲಸವಾಗುತ್ತದೆ.

ದುಡ್ಡು ಯಾಕಿಲ್ಲ ಗೊತ್ತಾ? ಚಾರ್ಲ್ಸ್ ಪರ್ಕಿನ್ಸ್ ಎಂಬ ರೈಲ್ವೆ ಕಂಪನಿಯ ದೊಡ್ಡ ಮನುಷ್ಯ ಮನೆ ಕಟ್ಟಿಸಬೇಕೆಂದು 1879ರಲ್ಲಿ ಅಲ್ಲಿ ಜಮೀನು ಕೊಂಡರು. ಆಮೇಲೆ ಕಟ್ಟಿಸಲೇ ಇಲ್ಲ. ಜನ ನೋಡಿಕೊಂಡು ಹೋಗಲಿ ಅಂತ ಹಾಗೇ ಬಿಟ್ಟರು. 1907ರಲ್ಲಿ ತೀರಿಕೊಂಡಾಗ ಜಮೀನು ಇನ್ನೂ ಅವರ ಹೆಸರಲ್ಲೇ ಇತ್ತು. ಅಪ್ಪನ ಮನಸ್ಸು ಗೊತ್ತಿದ್ದ ಮಕ್ಕಳು 1909ರಲ್ಲಿ 480 ಎಕರೆಯನ್ನು ನಗರಕ್ಕೆ ಬರೆದುಕೊಟ್ಟರು. ಯಾವತ್ತೂ ಯಾರ ಹತ್ತಿರವೂ ಕಾಸು ಕೇಳಬಾರದು ಅನ್ನುವುದು ಅವರ ಷರತ್ತು. ಈಗಲೋ ಆಗಲೋ ಉರುಳುವ ಹಾಗೆ ನಿಂತಿರುವ ಬ್ಯಾಲೆನ್ಸ್ಡ್ ರಾಕ್ ಅನ್ನುವ ದೊಡ್ಡ ಬಂಡೆ ಮಾತ್ರ ಬೇರೆಯವರ ಜಾಗದಲ್ಲಿತ್ತು. ಅವರು ಸುತ್ತ ಬೇಲಿ ಹಾಕಿ, ಫೋಟೋಗೆ ದುಡ್ಡು ವಸೂಲಿ ಮಾಡುತ್ತಿದ್ದರು! 1932ರಲ್ಲಿ ನಗರ ಅದನ್ನೂ ಕೊಂಡುಕೊಂಡಿತು.

ಈಗ ಆ ಬಂಡೆಯ ಮುಂದೆ ಎಲ್ಲರದ್ದೂ ಒಂದೇ ಫೋಟೋ. ಸುಮಾರು 700 ಟನ್ ಕಲ್ಲನ್ನು ಒಂದು ಕೈಯಲ್ಲಿ ತಡೆದು ನಿಲ್ಲಿಸಿದ ಹಾಗೆ. ನೀನೂ ತೆಗೆಸಿಕೋ, ನಿಮ್ಮಪ್ಪನೂ ಬಿಡಲಿಲ್ಲ. ಆದರೆ ಆಮೇಲೆ ಬಂಡೆಯ ತೀರಾ ಹತ್ತಿರ ಹೋಗಿ ನೋಡು. ಕೆಂಪು ಕಲ್ಲಿನ ಒಳಗೆ ಚಿಕ್ಕಚಿಕ್ಕ ಬೆಣಚುಕಲ್ಲುಗಳು ಹೂತುಕೊಂಡಿವೆ. ಬೆರಳಾಡಿಸಿದರೆ ಕೆಲವು ನುಣ್ಣಗಿವೆ, ಕೆಲವು ಚುಚ್ಚುತ್ತವೆ. ಅವೆಲ್ಲ ಸುಮಾರು 30 ಕೋಟಿ ವರ್ಷದ ಹಿಂದೆ ಅಲ್ಲಿದ್ದ ಬೇರೆಯೇ ಬೆಟ್ಟಗಳ ಚೂರುಗಳು. ಆ ಬೆಟ್ಟಗಳು ಸವೆದು, ಹೊಳೆಗಳು ಹೊತ್ತು ತಂದು ಹಾಕಿದ ಜಲ್ಲಿ. ಈಗ ಅಲ್ಲಿಂದ ಕಾಣುವ ಪೈಕ್ಸ್ ಪೀಕ್ ಶಿಖರ ಆಗ ಹುಟ್ಟಿಯೇ ಇರಲಿಲ್ಲ. ಕೆಂಪು ಬಣ್ಣ ಕಬ್ಬಿಣದ ತುಕ್ಕಿನದು, ಅಷ್ಟೇ.

ಪಾರ್ಕಿನ ನಡುವೆ ಗೋಡೆಯ ಹಾಗೆ ನೆಟ್ಟಗೆ ನಿಂತಿರುವ ದೊಡ್ಡ ಬಂಡೆಗಳಲ್ಲಿ ಇಂಥ ಜಲ್ಲಿ ಅಷ್ಟಾಗಿ ಕಾಣುವುದಿಲ್ಲ, ಸಣ್ಣ ಮರಳೇ ಜಾಸ್ತಿ. ಮೊದಲು ನೆಲದಲ್ಲಿ ಪದರ ಪದರವಾಗಿ ಮಲಗಿದ್ದವು. ಈಗಿನ ಬೆಟ್ಟಗಳು ಕೆಳಗಿನಿಂದ ಎದ್ದಾಗ ಇವನ್ನೂ ಎತ್ತಿ ನಿಲ್ಲಿಸಿಬಿಟ್ಟವು. ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತು ತಲೆಯೆತ್ತಿ ನೋಡು. ಬಿರುಕುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು ಸುಯ್ ಅಂತ ಹಾರುತ್ತಿರುತ್ತವೆ. ಮುತ್ತಿಕ್ಕುವ ಒಂಟೆಗಳು ಅಂತ ಎಲ್ಲರೂ ತೋರಿಸುವ ಕಲ್ಲು ನನಗೆ ಒಂಟೆಯ ಹಾಗೆ ಕಾಣಲೇ ಇಲ್ಲ. ನಿನಗೆ ಕಂಡರೆ ಹೇಳು.

ಹತ್ತುವ ವಿಷಯ. ಹಗ್ಗ, ಸಲಕರಣೆ, ಅನುಮತಿ ಇರುವವರಿಗೆ ಮಾತ್ರ ಅದು. ಗೆಳತಿಯರು ಸೆಲ್ಫಿಗೆ ಅಂತ ಕರೆದರೂ ಹತ್ತಬೇಡ. ಮಳೆ ಬಂದ ಮೇಲಂತೂ ಮರಳುಗಲ್ಲು ಮೆತ್ತಗಾಗಿ, ಹಿಡಿದ ತುಂಡೇ ಕೈಗೆ ಬರುತ್ತದೆ. ಆ ಜಾಗ ಸುಮಾರು 6,400 ಅಡಿ ಎತ್ತರದಲ್ಲಿದೆ, ಬೇಗ ಏದುಸಿರು ಬರುತ್ತದೆ. ನೀರು ಜಾಸ್ತಿ ಇಟ್ಟುಕೋ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಮಾಮೂಲು. ಮೋಡ ಕಟ್ಟಿತು ಅಂದರೆ ಇನ್ನೊಂದು ಫೋಟೋ ಅಂತ ನಿಲ್ಲದೆ ಕಾರಿಗೆ ಬನ್ನಿ. ಸಂಜೆ ಫೋನ್ ಮಾಡು.

ನಿನ್ನ,
ಅಮ್ಮ