ಹೆಸರು ಹೇಳದೆ ಹೋದ ಬಡಗಿಯವರಿಗೆ

ಮರದ ಪಟ್ಟಿಗಳನ್ನು ಜೋಡಿಸಿ ಕಟ್ಟುವ ಕಯಾಕ್ ದೋಣಿಯ ತಳವು ಪಕ್ಕಕ್ಕೆ ಹೊರಳಿ ಮೂತಿಯತ್ತ ಸಾಗುವ ಕಡೆ, 6 ಮಿ.ಮೀ. ದಪ್ಪದ ಪಟ್ಟಿ ಬಾಗಿದರಷ್ಟೇ ಸಾಲದು, ತಿರುಚಿಕೊಳ್ಳಲೂ ಬೇಕು. ಮನೆಯಲ್ಲಿ ನಾನು ಕಟ್ಟುತ್ತಿರುವ ದೋಣಿಯ ಪಟ್ಟಿಗಳು ಅಲ್ಲಿಯೇ ಸೀಳುತ್ತಿದ್ದವು. ಮೈಸೂರಿನ ಮಂಡಿ ಮೊಹಲ್ಲಾದ ಮರದಂಗಡಿಯಲ್ಲಿ ಬೇರೆ ಪಟ್ಟಿ ವಿಚಾರಿಸುತ್ತಿದ್ದಾಗ, ಅಲ್ಲಿದ್ದ ಹಿರಿಯ ಬಡಗಿಯೊಬ್ಬರು ಸೀಳಿದ ತುಂಡನ್ನು ಕೈಗೆತ್ತಿಕೊಂಡು, ನಾರಿನ ಓಟವನ್ನು ಉಗುರಿನಿಂದ ಗೀರಿ ನೋಡಿ, ‘ನಡೀರಿ ಸ್ವಾಮಿ, ನೋಡೋಣ’ ಎಂದು ನನ್ನ ಜೊತೆ ಮನೆಗೆ ಹೊರಟೇಬಿಟ್ಟರು. ಪಟ್ಟಿಗೆ ಒದ್ದೆ ಬಟ್ಟೆ ಸುತ್ತಿ, ಇಸ್ತ್ರಿಪೆಟ್ಟಿಗೆ ಆಡಿಸಿ (ಅದು ನನ್ನ ಹೆಂಡತಿಯದು, ಆ ಮಾತು ಬೇರೆ), ಆವಿ ಏಳುತ್ತಿದ್ದಂತೆಯೇ ಎರಡೂ ಕೈಯಿಂದ ನಿಧಾನವಾಗಿ ತಿರುಚಿ ದೋಣಿಯ ಆಕಾರದ ಅಚ್ಚಿಗೆ ಬಿಗಿದರು. ಆರಿದ ಮೇಲೆ ಅಂಚನ್ನು ತೋಪಡದಿಂದ ಓರೆಯಾಗಿ ಹೆರೆದು, ಬೆಳಕಿಗೆ ಹಿಡಿದು, ಸಂದಿಲ್ಲವೆಂದು ಖಚಿತವಾದ ನಂತರವೇ ಅಂಟು ಹಚ್ಚಲು ಬಿಟ್ಟರು. ಕೊಟ್ಟ ಕೂಲಿಯನ್ನು ಮುಟ್ಟದೆ, ಕಾಫಿಯಷ್ಟೇ ಕುಡಿದು ಹೊರಟ ಅವರಿಗೆ ಧನ್ಯವಾದಗಳು. ಆ ಬದಿಯ ಉಳಿದ ಪಟ್ಟಿಗಳೂ ಈಗ ಸೀಳದೆ ಕೂತಿವೆ.